ಕಳಶ ಹಿಡಿಯುವ ಪುಟ್ಟಿ, ಹೂವೆರಚುವ ಪುಟ್ಟಿ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನೆಂಟರು ತುಮಕೂರಿನಿಂದ ಮುಳಬಾಗಿಲಿನ ತನಕ ಹರಡಿಕೊಂಡಿದ್ದಾರೆ. ಆಷಾಢ, ಧನುರ್ಮಾಸ ಬಿಟ್ಟರೆ ಯಾವುದಾದರೂ ಒಂದು ಮದುವೆ ಇದ್ದೇ ಇರುತ್ತದೆ. ನನ್ನ ಮಗಳು ಏಳು ವರ್ಷ ತುಂಬುವುದರೊಳಗೆ ಐದು ಮದುವೆಯಲ್ಲಿ ಕಳಶ ಹಿಡಿದಳು, ಎರಡರಲ್ಲಿ ಹೂವು ಎರಚಿದಳು. ಒಂದರಲ್ಲಿ ಮಂಟಪದ ಮೇಲೇ ನಿದ್ದೆ ಹೋದಳು. ಅದಕ್ಕೇ ಇರಬೇಕು, ಪುಟ್ಟ ಮಗಳಿರುವ ಯಾರಿಗೇ ಮದುವೆ ಮನೆಯಿಂದ ಕರೆ ಬಂದರೂ ಆಮೇಲೆ ನನಗೊಂದು ಫೋನ್ ಬರುತ್ತದೆ. ಅವರು ಕೇಳಿದ್ದನ್ನು ಅವರ ಮಾತಲ್ಲೇ ಬರೆದಿದ್ದೇನೆ.

## ಒಪ್ಪಿಕೊಳ್ಳುವ ಮುಂಚೆ

ಕಳಶಗಿತ್ತಿ ಅಂದ್ರೆ ಏನು? ಈಗಿನ ಫ್ಲವರ್ ಗರ್ಲ್ ಅಂದ್ರೂ ಅದೇನಾ?

ಅಲ್ಲ, ಎರಡೂ ಬೇರೆ. ಕಳಶಗಿತ್ತಿ ಎಂದರೆ ಮದುಮಗಳ ಜೊತೆ ಕಳಶ ಹಿಡಿದು ಬಂದು, ಶಾಸ್ತ್ರ ಮುಗಿಯುವ ತನಕ ಪಕ್ಕದಲ್ಲೇ ಇರುವ ಹುಡುಗಿ. ಮದುಮಗಳ ತಂಗಿ, ಇಲ್ಲದಿದ್ದರೆ ಅಕ್ಕನ ಮಗಳೋ ಚಿಕ್ಕಪ್ಪನ ಮಗಳೋ ಆಗಿರುತ್ತಾಳೆ. ಕೆಲವು ಮನೆಗಳಲ್ಲಿ ಕಾಲೇಜಿಗೆ ಹೋಗುವ ತಂಗಿಯೇ ಹಿಡಿಯುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ ಪುಟ್ಟ ಮಗುವೇ ಬೇಕು. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಮದುಮಗಳ ಹಾಗೇ ಸಿಂಗರಿಸಿ ಪಕ್ಕದಲ್ಲಿ ಕೂರಿಸುವ ಮಗುವಿಗೆ ತೋಡು ಪೆಳ್ಳಿಕೂತುರು ಎನ್ನುತ್ತಾರೆ.

ಫ್ಲವರ್ ಗರ್ಲ್ ಬಂದಿದ್ದು ಚರ್ಚ್ ಮದುವೆಯಿಂದ. ಮದುಮಗಳು ಒಳಗೆ ಬರುವಾಗ ಮುಂದೆ ಮುಂದೆ ಎಸಳು ಚೆಲ್ಲುತ್ತಾ ನಡೆಯುವ ಹುಡುಗಿ. ಕೆಜಿಎಫ್‌ನವರಿಗೆ ಇದು ಹೊಸದಲ್ಲ. ನಮ್ಮ ಆರತಕ್ಷತೆಗಳಿಗೆ ಬಂದಿದ್ದು ಮಾತ್ರ ಈಚೆಗೆ.

ಅಪ್ಪ ಅಮ್ಮ ತಿಳಿದುಕೊಳ್ಳಬೇಕಾದ ವ್ಯತ್ಯಾಸ ಇಷ್ಟೇ. ಹೂವಿನ ಹುಡುಗಿಯ ಕೆಲಸ ಎರಡು ನಿಮಿಷ. ಕಳಶಗಿತ್ತಿಯ ಕೆಲಸ ಎರಡು ಗಂಟೆ.

ನಮ್ಮ ಪಾಪುಗೆ ಎರಡೂವರೆ ವರ್ಷ. ಸಾಕಾಗಲ್ವಾ?

ಹೂವು ಚೆಲ್ಲಲು ಸಾಕು, ನೀವೋ ಇನ್ನೊಬ್ಬ ದೊಡ್ಡ ಹುಡುಗಿಯೋ ಕೈ ಹಿಡಿದು ನಡೆಸುವುದಾದರೆ. ಕಳಶಕ್ಕೆ ಸಾಲದು. ನನ್ನ ಲೆಕ್ಕದಲ್ಲಿ ನಾಲ್ಕು ತುಂಬಿದ ಮೇಲೆ ಹೂವು, ಆರು ತುಂಬಿದ ಮೇಲೆ ಕಳಶ. ನನ್ನ ಮಗಳ ಕೈಗೆ ಮೂರಕ್ಕೇ ಕಳಶ ಕೊಟ್ಟಿದ್ದು ತಪ್ಪೇ. ಅದರ ಕತೆ ಮುಂದಿದೆ.

ವಯಸ್ಸಿಗಿಂತ ಇನ್ನೊಂದು ಪರೀಕ್ಷೆ ಇದೆ. ಗೊತ್ತಿಲ್ಲದವರು ಮನೆಗೆ ಬಂದಾಗ ಮಗು ಏನು ಮಾಡುತ್ತದೆ ನೋಡಿ. ನಿಮ್ಮ ಕಾಲು ಹಿಡಿದು ಹಿಂದೆ ನಿಂತುಕೊಳ್ಳುವ ಮಗು ಎಂಟುನೂರು ಜನರ ಮುಂದೆ ನಡೆಯುವುದಿಲ್ಲ. ಬಂದವರಿಗೆ ತನ್ನ ಹೊಸ ಚಪ್ಪಲಿ ತೋರಿಸಲು ಓಡಿಬರುವ ಮಗು ನಡೆಯುತ್ತದೆ.

ಮದುವೆ ಹಿಂದಿನ ದಿನ ಫೋನ್ ಮಾಡಿ "ನಿಮ್ಮ ಹುಡುಗೀನ ನಿಲ್ಲಿಸ್ತಿದೀವಿ" ಅಂದ್ರು. ಇದು ಸರಿನಾ?

ಸರಿಯಲ್ಲ. ಮದುಮಗಳೋ ಅವಳ ತಾಯಿಯೋ ಕನಿಷ್ಠ ಮೂರು ವಾರ ಮುಂಚೆ ಕೇಳಬೇಕು. ಲಗ್ನಪತ್ರಿಕೆ ಕೊಡಲು ಬಂದಾಗಲೇ ಕೇಳುವುದು ಚೆಂದ. ಮೊದಲು ಅಪ್ಪ ಅಮ್ಮನನ್ನು ಕೇಳಿ, ಅವರು ಒಪ್ಪಿದ ಮೇಲೆ ಮಗುವನ್ನು ಕೇಳಬೇಕು. ಉಲ್ಟಾ ಮಾಡಿದರೆ ಮಗು "ಹ್ಞೂಂ" ಅಂದುಬಿಟ್ಟಿರುತ್ತದೆ, ತಾಯಿ ಬೇಡ ಅನ್ನುವ ಹಾಗಿರುವುದಿಲ್ಲ.

ಕೇಳುವಾಗ ನಾಲ್ಕು ವಿಷಯ ಹೇಳಿಬಿಡಿ: ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಏನು ಬಟ್ಟೆ, ಪಕ್ಕದಲ್ಲಿ ಯಾರಿರುತ್ತಾರೆ.

ಬೇಡ ಅಂದ್ರೆ ಅತ್ತಿಗೆ ಮುಖ ಊದಿಸ್ಕೊಳ್ತಾರೆ. ಹೇಗೆ ಹೇಳೋದು?

ಬೇಗ ಹೇಳಿ. ಇವತ್ತು ಕೇಳಿದರೆ ನಾಳೆ ಹೇಳಿ. "ನೋಡೋಣ ಅತ್ತಿಗೆ" ಅಂತ ಎಳೆದು ಕೊನೆಯ ವಾರ ಕೈಕೊಟ್ಟರೆ ಮುಖ ಊದುವುದು ನ್ಯಾಯವೇ. "ಅವಳು ಜನ ನೋಡಿದ್ರೆ ಅಳ್ತಾಳೆ, ನಿಮ್ಮ ಮುಹೂರ್ತ ಹಾಳಾಗೋದು ಬೇಡ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದರ ಜೊತೆ ಒಂದು ಸಣ್ಣ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ. ಬಂದವರಿಗೆ ಪನ್ನೀರು ಚಿಮುಕಿಸುವುದೋ, ಕಲ್ಲುಸಕ್ಕರೆ ತಟ್ಟೆ ಹಿಡಿಯುವುದೋ. ಬಾಗಿಲಲ್ಲಿ ನಿಮ್ಮ ಮಡಿಲಲ್ಲೇ ಕೂತು ಮಾಡಬಹುದು.

ನಮ್ಮ ಮಗಳನ್ನ ಕೇಳಲೇ ಇಲ್ಲ. ನಾವೇ ಬಾಯಿಬಿಟ್ಟು ಕೇಳಬಹುದಾ?

ಬೇಡ. ಅವರ ಮನೆಯ ಲೆಕ್ಕಾಚಾರ ಅವರಿಗಿರುತ್ತದೆ. ಅವತ್ತು ಮಗಳಿಗೆ ಚೆನ್ನಾಗಿ ಬಟ್ಟೆ ಹಾಕಿ ಕರೆದುಕೊಂಡು ಹೋಗಿ. ಆದರೆ ಮದುಮಗಳ ಹಾಗೆ ಸಿಂಗರಿಸಿ ಮೊದಲ ಸಾಲಲ್ಲಿ ಕೂರಿಸುವ ಆಟ ಬೇಡ. ಎಲ್ಲರಿಗೂ ಗೊತ್ತಾಗುತ್ತದೆ.

ಗಂಡು ಮಗು ಹೂವು ಹಾಕಬಹುದಾ?

ಧಾರಾಳವಾಗಿ. ಒಂದೇ ಎಚ್ಚರಿಕೆ. ನಮ್ಮ ಭಾವನ ಮಗ ಎಸಳು ಚೆಲ್ಲಲಿಲ್ಲ, ಗುರಿಯಿಟ್ಟು ಹೊಡೆದ.

## ಬಟ್ಟೆ, ಒಡವೆ, ಹೂವು, ಕಳಶ

ಬಟ್ಟೆ ಖರ್ಚು ಯಾರದು?

ಇಂಥದ್ದೇ ಬಣ್ಣ, ಇಂಥದ್ದೇ ಲಂಗ ಅಂತ ಮದುವೆ ಮನೆಯವರು ಹೇಳಿದರೆ ಖರ್ಚು ಅವರದು. ಏನಾದರೂ ಪರವಾಗಿಲ್ಲ ಅಂದರೆ ನಿಮ್ಮದು. ಕಳಶಗಿತ್ತಿಗೆ ಬಟ್ಟೆ ಕೊಡುವುದು ಹಲವು ಮನೆಗಳಲ್ಲಿ ಮೊದಲಿಂದಲೂ ಇದೆ. ಕೊಡುವವರು ಅಳತೆ ಕೇಳಿ, ಹತ್ತು ದಿನ ಮುಂಚೆ ಕೊಡಿ. ಮಂಟಪದ ರೂಮಿನಲ್ಲಿ ಕವರ್ ಬಿಚ್ಚಿದರೆ ಲಂಗ ಎರಡು ಗೇಣು ಉದ್ದ ಇರುತ್ತದೆ. ಆಮೇಲೆ ಪಿನ್ನು ಹುಡುಕಬೇಕು.

ರೇಷ್ಮೆ ಲಂಗ, ಮೊಗ್ಗಿನ ಜಡೆ, ಡಾಬು, ವಂಕಿ... ಎಲ್ಲಾ ಹಾಕಲೇಬೇಕಾ?

ಲಂಗ ಇರಲಿ. ಉಳಿದದ್ದರಲ್ಲಿ ಒಂದೋ ಎರಡೋ ಸಾಕು.

ಶಿಡ್ಲಘಟ್ಟದ ಪಕ್ಕದಲ್ಲೇ ಇದ್ದುಕೊಂಡು ರೇಷ್ಮೆ ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ರೇಷ್ಮೆ ಮೆತ್ತಗಿದ್ದರೂ ಜರಿ ಮೆತ್ತಗಿಲ್ಲ. ಸೊಂಟದ ಹತ್ತಿರ, ರವಿಕೆಯ ತೋಳಿನ ಅಂಚಲ್ಲಿ ಅದು ಮಗುವನ್ನು ಗೀರುತ್ತದೆ. ಒಳಗೆ ಕಾಟನ್ ಲೈನಿಂಗ್ ಹಾಕಿಸಿ, ತೋಳಿನ ಅಂಚಿಗೂ ಮಡಚಿ ಹೊಲಿಸಿ. ಏಪ್ರಿಲ್, ಮೇ ಮದುವೆಯಾದರೆ ಇದು ಬಹಳ ಮುಖ್ಯ. ಲಂಗ ಪಾದಕ್ಕಿಂತ ಎರಡು ಇಂಚು ಮೇಲಿರಲಿ. ಮೆಟ್ಟಿಲು ಹತ್ತುವಾಗ ಮಗುವಿನ ಎರಡೂ ಕೈಯಲ್ಲಿ ಕಳಶ ಇರುತ್ತದೆ. ಲಂಗ ಎತ್ತಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು?

ಮೊಗ್ಗಿನ ಜಡೆ ನೋಡಲು ಎಷ್ಟು ಚೆಂದವೋ ಅಷ್ಟೇ ಭಾರ. ಮಗುವಿನ ಕೂದಲು ಭುಜದ ತನಕ ಇದ್ದರೆ ಚೌರಿ ಸೇರಿಸಿ, ರಟ್ಟು ಇಟ್ಟು, ಹತ್ತಾರು ಪಿನ್ನು ಚುಚ್ಚಬೇಕಾಗುತ್ತದೆ. ಅರ್ಧ ಗಂಟೆಗೆ ತಲೆನೋವು ಶುರು. ಎರಡು ಮೊಳ ಮಲ್ಲಿಗೆ, ನಡುವೆ ಒಂದು ಸಾಲು ಕನಕಾಂಬರ ಮುಡಿಸಿದರೆ ಸಾಕು.

ಚಿನ್ನದ ವಿಷಯದಲ್ಲಿ ನಾನು ಕಟುಕಿ. ಪುಟ್ಟ ಮಗುವಿನ ಮೈಮೇಲೆ ಚಿನ್ನ ಹಾಕಿ ಜನಸಂದಣಿಗೆ ಬಿಡಬೇಡಿ. ಕಳೆದುಹೋದರೆ ಬೈಗುಳ ಬೀಳುವುದು ಮಗುವಿಗೆ. ಕಳ್ಳರ ಕಣ್ಣು ಬೀಳುವುದೂ ಮಗುವಿನ ಮೇಲೇ. ಮುತ್ತಿನ ಸರ, ಗಾಜಲ್ಲದ ಬಳೆ ಸಾಕು.

ಕಳಶ ಹಿಡಿದು ಕೈ ನೋಯುತ್ತೆ ಅಂತಾಳೆ. ಸುಮ್ನೆ ನಾಟಕಾನಾ?

ನಾಟಕ ಅಲ್ಲ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಅದಕ್ಕೆ ಹಿತ್ತಾಳೆ ಚೊಂಬು, ಮೇಲೊಂದು ತೆಂಗಿನಕಾಯಿ. ನಮ್ಮ ತಿಪಟೂರು ಕಡೆಯ ಕಾಯಿಯಾದರೆ ಕೇಳುವುದೇ ಬೇಡ. ಎಲ್ಲ ಸೇರಿ ಎರಡು ಕೆಜಿ ಸುಲಭವಾಗಿ ಆಗುತ್ತದೆ. ನಾಲ್ಕು ವರ್ಷದ ಮಗು ಇರುವುದೇ ಹದಿನಾರು ಕೆಜಿ. ಅಂದರೆ ತನ್ನ ತೂಕದ ಎಂಟನೇ ಒಂದು ಭಾಗ ಎತ್ತಿಕೊಂಡು ನಿಂತಿದೆ. ಅರವತ್ತು ಕೆಜಿಯ ನಾನು ಏಳೂವರೆ ಕೆಜಿ ಎದೆಮಟ್ಟಕ್ಕೆ ಹಿಡಿದು ನಿಂತ ಹಾಗೆ. ನಿಲ್ಲುತ್ತೇನಾ?

ಪುರೋಹಿತರಿಗೆ ಮೊದಲೇ ಹೇಳಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಸಣ್ಣ ಚೊಂಬು, ಕಾಲು ಭಾಗ ನೀರು, ಪುಟ್ಟ ಕಾಯಿ. ಕಾಯಿ ಅಲ್ಲಾಡದ ಹಾಗೆ ಎಲೆಗಳನ್ನು ಬಿಗಿಯಾಗಿ ಸುತ್ತಲೂ ಇಡಿ. ಮದುಮಗಳು ಕೂತ ಮೇಲೆ ಕಳಶವನ್ನು ಅಕ್ಕಿ ತಟ್ಟೆಯ ಮೇಲೆ ಇಡಬಹುದಾ ಅಂತಲೂ ಕೇಳಿ.

ನನ್ನ ಮಗಳು ಮೂರು ವರ್ಷಕ್ಕೆ ಕಳಶ ಹಿಡಿದಾಗ ನಾವು ಇದ್ಯಾವುದೂ ಮಾಡಿರಲಿಲ್ಲ. ಧಾರೆಯ ಹೊತ್ತಿಗೆ ಅವಳ ಕೈ ಮೆಲ್ಲಗೆ ಇಳಿಯುತ್ತಾ ಬಂತು. ಚೊಂಬು ವಾಲಿತು. ಕಾಯಿ ಉರುಳಿ ಪುರೋಹಿತರ ಪಂಚಪಾತ್ರೆಗೆ ಠಣ್ ಅಂತ ಬಡಿಯಿತು. ನೀರೆಲ್ಲ ಮದುಮಗಳ ಮಡಿಲಿಗೆ. ಎರಡು ಕ್ಷಣ ಓಲಗದವರೂ ನಿಲ್ಲಿಸಿಬಿಟ್ಟರು. ಆಗ ನಮ್ಮ ದೊಡ್ಡಮ್ಮ ಕೂತಲ್ಲಿಂದಲೇ "ಗಂಗಮ್ಮ ಮಡಿಲು ತುಂಬಿದಳು ಬಿಡ್ರೇ" ಅಂದರು. ಎಲ್ಲರೂ ನಕ್ಕರು. ಓಲಗ ಮತ್ತೆ ಶುರುವಾಯಿತು. ಪ್ರತಿ ಮಂಟಪದಲ್ಲೂ ಅಂಥ ದೊಡ್ಡಮ್ಮ ಇರುವುದಿಲ್ಲ. ಅದಕ್ಕೇ ನೀರು ಕಡಿಮೆ ಹಾಕಿ.

ಎಸಳು ಯಾವ ಹೂವಿಂದು ತರೋದು? ಎಷ್ಟು ಬೇಕು?

ಚಿಕ್ಕಬಳ್ಳಾಪುರದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಗುಲಾಬಿ, ಸೇವಂತಿಗೆ ಎರಡೂ ಮನೆ ಬಾಗಿಲಲ್ಲಿ. ತುಮಕೂರಿನವರು ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋಗಿ. ಬುಟ್ಟಿಗೆ ಕಾಲು ಕೆಜಿ ಬಿಡಿ ಹೂವು ಬೇಕಾದಷ್ಟಾಯಿತು. ಗುಲಾಬಿ ಎಸಳು ಮಗುವಿನ ಕೈಗೆ ಚೆನ್ನಾಗಿ ಸಿಗುತ್ತದೆ. ಸೇವಂತಿಗೆ ಎಸಳು ಸಣ್ಣದು, ಬೆವರಿದ ಕೈಗೆ ಅಂಟಿಕೊಳ್ಳುತ್ತದೆ.

ಹೂವಿನವರು ಬಾಡದಿರಲಿ ಅಂತ ನೀರು ಚಿಮುಕಿಸಿರುತ್ತಾರೆ. ಒದ್ದೆ ಎಸಳು ಗ್ರಾನೈಟ್ ನೆಲದ ಮೇಲೆ ಬಿದ್ದರೆ ಬಾಳೆಹಣ್ಣಿನ ಸಿಪ್ಪೆಯೇ. ಹಿಂದೆ ಬರುವವಳು ಹೀಲ್ಸ್ ಹಾಕಿರುವ ಮದುಮಗಳು. ಒಂದು ಗಂಟೆ ಪೇಪರ್ ಮೇಲೆ ಹರಡಿ ಆರಿಸಿ. ಹೊಲದಲ್ಲಿ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಆದ್ದರಿಂದ ಬಾಯಿಗೆ ಹಾಕಲು ಬಿಡಬೇಡಿ. ಹೂವು ಚೆಲ್ಲಿ ಬಂದ ಕೂಡಲೇ ಕೈ ತೊಳೆಸಿ.

## ಆ ದಿನ

ಮುಹೂರ್ತ ಬೆಳಗ್ಗೆ ಆರೂವರೆಗೆ. ಮಗುವನ್ನ ಎಷ್ಟೊತ್ತಿಗೆ ಎಬ್ಬಿಸೋದು?

ಐದಕ್ಕೆ. ಬ್ಯೂಟಿಷಿಯನ್ ಮೂರೂವರೆಗೆ ಅನ್ನುತ್ತಾರೆ, ಒಪ್ಪಬೇಡಿ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮದುವೆಗಳಲ್ಲಿ ಹಿಂದಿನ ರಾತ್ರಿ ಆರತಕ್ಷತೆ, ಹನ್ನೊಂದಕ್ಕೆ ಊಟ, ಬೆಳಗ್ಗೆ ಮುಹೂರ್ತ. ದೊಡ್ಡವರೇ ತೂಕಡಿಸುತ್ತಿರುತ್ತಾರೆ.

ನಾನು ಮಾಡುವುದು ಹೀಗೆ. ಮುಹೂರ್ತದಲ್ಲಿ ಕೆಲಸ ಇದ್ದರೆ ಹಿಂದಿನ ರಾತ್ರಿ ಎಂಟಕ್ಕೆ ಮಗುವಿಗೆ ಊಟ ಮಾಡಿಸಿ ರೂಮಿಗೆ. ಆರತಕ್ಷತೆಯಲ್ಲಿ ಹೂವೆರಚುವುದಿದ್ದರೆ ಬೆಳಗ್ಗೆ ಕಳಶಕ್ಕೆ ಬೇರೆ ಮಗು. ಎರಡೂ ಒಂದೇ ಮಗುವಿಗೆ ಬೇಡ. ಎದ್ದ ಕೂಡಲೇ ಹಾಲಲ್ಲ, ಒಂದು ಇಡ್ಲಿ. ಹಾಲು ಕುಡಿದು ಹೋಮದ ಹೊಗೆಗೆ ಕೂತರೆ ವಾಂತಿ. ಬಟ್ಟೆ ಹಾಕುವ ಮುಂಚೆ ಬಾತ್‌ರೂಮು, ಮಂಟಪ ಹತ್ತುವ ಮುಂಚೆ ಇನ್ನೊಮ್ಮೆ. "ಬರ್ತಿಲ್ಲ" ಅಂದರೂ ಕರೆದುಕೊಂಡು ಹೋಗಿ.

ರಿಹರ್ಸಲ್ ಎಲ್ಲಾ ಬೇಕಾ? ಜಾಸ್ತಿ ಆಯ್ತು ಅನ್ಸಲ್ವಾ?

ಮನೆಯಲ್ಲಿ ಎರಡು ಸಲ, ಛತ್ರದಲ್ಲಿ ಒಂದು ಸಲ. ಅಷ್ಟೇ. ಹತ್ತು ಸಲ ಮಾಡಿಸಿದರೆ ಹನ್ನೊಂದನೇ ಸಲಕ್ಕೆ ಮಗುವಿಗೆ ಸಾಕಾಗಿರುತ್ತದೆ. ಆ ಹನ್ನೊಂದನೆಯದೇ ಮದುವೆ.

ಅರ್ಧ ದಾರೀಲಿ ಅತ್ತುಬಿಟ್ರೆ? ನಾನು ಎದ್ದು ಹೋಗಬಹುದಾ?

ಹೋಗಲೇಬೇಕು. ಆದರೆ ಓಡಬೇಡಿ, ಕೂಗಬೇಡಿ, ಕೈಸನ್ನೆಯಲ್ಲಿ ಹೆದರಿಸಬೇಡಿ. ಮಗು ನಡೆಯುವ ದಾರಿಯ ಕೊನೆಯ ಕುರ್ಚಿಯಲ್ಲಿ ಮೊದಲೇ ನೀವು ಕೂತಿದ್ದರೆ ಅದು ನಿಮ್ಮ ಕಡೆಗೇ ನಡೆದು ಬರುತ್ತದೆ. ಅಮ್ಮ ಹಿಂದೆ ಉಳಿದರೆ ಮಗು ಹಿಂದಕ್ಕೇ ನೋಡುತ್ತದೆ. ನಿಂತುಬಿಟ್ಟರೆ ಎತ್ತಿಕೊಳ್ಳಿ, ಪಕ್ಕಕ್ಕೆ ಬನ್ನಿ. ಮದುಮಗಳು ಹೂವಿಲ್ಲದ ನೆಲದ ಮೇಲೆ ನಡೆಯುತ್ತಾಳೆ, ಏನೂ ಆಗುವುದಿಲ್ಲ.

"ಒಂದೇ ಒಂದ್ಸಲ ಕಣೋ ಚಿನ್ನ, ಚಾಕ್ಲೇಟ್ ಕೊಡಿಸ್ತೀನಿ" ಅಂತ ಜನರ ಮುಂದೆ ಚೌಕಾಸಿ ಬೇಡ. ಬೇಡ ಎಂದ ಮಗುವಿಗೆ ಬೇಡ. ಮದುವೆ ಮನೆಯವರು ಇದನ್ನು ಒಪ್ಪಿಯೇ ಕರೆದಿರಬೇಕು.

ಅಳದೇ ಇದ್ದರೂ ಏನೇನೋ ಆಗುತ್ತದೆ. ಚಿಕ್ಕಬಳ್ಳಾಪುರದ ಒಂದು ಆರತಕ್ಷತೆ. ನನ್ನ ಮಗಳಿಗೆ ಆಗ ನಾಲ್ಕು. ಬುಟ್ಟಿ ಹಿಡಿದು ನಾಲ್ಕು ಹೆಜ್ಜೆ ಚೆನ್ನಾಗಿ ನಡೆದಳು. ಪಕ್ಕದ ಕುರ್ಚಿಯ ಅಜ್ಜಿಯೊಬ್ಬರು ಮುದ್ದಿಗೆ ಕೈ ಚಾಚಿದರು. ಇವಳು ನಿಂತಳು. ಅಜ್ಜಿಯ ಬೊಗಸೆಗೆ ಒಂದು ಎಸಳು ಇಟ್ಟಳು. ಪಕ್ಕದವರಿಗೊಂದು. ಅವರ ಪಕ್ಕದವರಿಗೊಂದು. ದೇವಸ್ಥಾನದಲ್ಲಿ ಪೂಜಾರಪ್ಪ ಪ್ರಸಾದದ ಹೂವು ಕೊಡುವುದನ್ನು ನೋಡಿದ್ದಳಲ್ಲ, ಅದೇ ಗತ್ತು. ಒಂದು ಸಾಲು ಮುಗಿಸಿ ಎರಡನೇ ಸಾಲಿಗೆ ತಿರುಗಿದಳು. ಎಸಳು ತೆಗೆದುಕೊಂಡವರು ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ! ಬಾಗಿಲಲ್ಲಿ ಮದುಮಕ್ಕಳು ನಿಂತೇ ಇದ್ದಾರೆ, ಹಾಡು ಎರಡನೇ ಸಲ ಶುರುವಾಗಿದೆ. ಕೊನೆಗೆ ಮದುಮಗನೇ ನಗುತ್ತಾ ಬಂದು ಬೊಗಸೆ ಒಡ್ಡಿದ. ಅವನಿಗೂ ಒಂದೇ ಎಸಳು ಸಿಕ್ಕಿದ್ದು.

ಛತ್ರದಲ್ಲಿ ಮಗು ತಪ್ಪಿಸಿಕೊಂಡ್ರೆ ಅಂತ ಭಯ.

ಒಂದು ಚೀಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದು ಲಂಗದ ಒಳಮಡಿಕೆಗೆ ಹೊಲಿದುಬಿಡಿ. ಮಗುವಿನ ಹೆಸರು ಹೊರಗೆ ಕಾಣುವ ಹಾಗೆ ಬೇಡ, ಹೆಸರು ಹಿಡಿದು ಯಾರು ಕರೆದರೂ ಮಗು ಹೋಗುತ್ತದೆ. ಇನ್ನೊಂದು, ಮಗುವನ್ನು ನೋಡಿಕೊಳ್ಳಲು ಒಬ್ಬರನ್ನೇ ನೇಮಿಸಿ. "ಎಲ್ಲರೂ ಇದ್ದಾರಲ್ಲ" ಅಂದರೆ ಯಾರೂ ಇಲ್ಲ ಅಂತ ಅರ್ಥ. ತಾಂಬೂಲದ ಕವರ್ ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಇಡೀ ಅಡಿಕೆ ಇರುತ್ತದೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಕೆಜಿಎಫ್ ಚರ್ಚಲ್ಲಿ ಫ್ರೆಂಡ್ ಮದುವೆ. ನಮ್ಮ ಮಗಳು ಫ್ಲವರ್ ಗರ್ಲ್. ನಮಗೆ ಅಲ್ಲಿನ ರೀತಿ ಒಂದೂ ಗೊತ್ತಿಲ್ಲ.

ಗೊತ್ತಿಲ್ಲ ಅಂತ ಸ್ನೇಹಿತರಿಗೇ ಹೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮಂದಿಗೆ ಬೆಂಗಳೂರೇ ದುಡಿಮೆಯ ಊರು. ಮದುವೆಗೆ ಮಾತ್ರ ತಮ್ಮ ಹಳೆಯ ಚರ್ಚಿಗೇ ಬರುವವರು ಬೇಕಾದಷ್ಟಿದ್ದಾರೆ. ಪೂಜೆ ತಮಿಳಲ್ಲೋ ಇಂಗ್ಲಿಷಲ್ಲೋ ನಡೆಯಬಹುದು. ಮಗುವಿಗೆ ಅರ್ಥವಾಗದ ಭಾಷೆ, ಗೊತ್ತಿಲ್ಲದ ಜಾಗ. ಆದ್ದರಿಂದ ಹಿಂದಿನ ದಿನ ಒಮ್ಮೆ ಖಾಲಿ ಚರ್ಚಿಗೆ ಕರೆದುಕೊಂಡು ಹೋಗಿ ಬಾಗಿಲಿಂದ ಪೀಠದ ತನಕ ನಡೆಸಿ.

ಒಳಗೆ ನಿಜವಾದ ಎಸಳು ಚೆಲ್ಲಬಹುದಾ ಅಂತ ಮೊದಲೇ ಫಾದರನ್ನು ಕೇಳಿಸಿ. ಜಾರುತ್ತದೆ, ನೆಲಹಾಸಿಗೆ ಕಲೆಯಾಗುತ್ತದೆ ಅಂತ ಬೇಡ ಅನ್ನುವ ಚರ್ಚುಗಳಿವೆ. ಆಗ ಬುಟ್ಟಿ ಬದಲು ಸಣ್ಣ ಹೂಗುಚ್ಛ ಹಿಡಿದರಾಯಿತು. ನಡೆದು ಮುಗಿದ ಮೇಲೆ ಮಗು ಮುಂದೆ ನಿಲ್ಲಬೇಕಿಲ್ಲ, ನಿಮ್ಮ ಪಕ್ಕ ಬಂದು ಕೂರಬಹುದು. ಬೆಂಚು ಮುಂದಿನದನ್ನೇ ಹಿಡಿಯಿರಿ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಕ್ಯಾಥೊಲಿಕ್ ಬಲಿಪೂಜೆಯಾದರೆ ಪರಮಪ್ರಸಾದ ಕೊಡುವಾಗ ಸಾಲಿಗೆ ಹೋಗಬೇಡಿ. ಅದು ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಅಲ್ಲ. ದೀಕ್ಷಾಸ್ನಾನವಾಗಿ, ಮೊದಲ ಪರಮಪ್ರಸಾದ ಪಡೆದವರಿಗೆ ಮಾತ್ರ. ಬಟ್ಟೆ ಬಿಳಿಯದೇ ಆಗಬೇಕೆಂದಿಲ್ಲ, ಮದುಮಗಳನ್ನು ಕೇಳಿ. ಕುಂಕುಮ, ಬಳೆ ತೆಗೆಯುವುದೂ ಬೇಕಿಲ್ಲ.

ಎಂಟ್ರಿಗೆ ಹೊಗೆ, ಬೆಂಕಿ ಕಾರಂಜಿ, ಡಿಜೆ ಎಲ್ಲಾ ಇದೆ ಅಂತಿದಾರೆ. ಮಗುಗೆ ಏನಾದ್ರೂ ಆಗುತ್ತಾ?

ಮದುವೆ ಮನೆಯವರ ಜೊತೆ ಜಗಳ ಆದರೂ ಚಿಂತೆಯಿಲ್ಲ ಅಂತ ನಾನು ಗಟ್ಟಿಯಾಗಿ ನಿಲ್ಲುವ ವಿಷಯ ಇದೊಂದೇ.

ನೆಲದ ಮೇಲೆ ಮೋಡದ ಹಾಗೆ ಹರಡುವ ಹೊಗೆ ಡ್ರೈ ಐಸ್‌ನದು. ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಆ ಅನಿಲ ಗಾಳಿಗಿಂತ ಭಾರ, ಅದಕ್ಕೇ ಕೆಳಗೆ ಉಳಿಯುತ್ತದೆ. ನಮ್ಮ ಮೊಣಕಾಲಿಗೆ ಬರುವ ಹೊಗೆ ಮಗುವಿನ ಎದೆಗೆ, ಮೂಗಿಗೆ ಬರುತ್ತದೆ. ಬಾಗಿಲು ಮುಚ್ಚಿದ ಎಸಿ ಹಾಲ್‌ನಲ್ಲಿ ಇನ್ನೂ ಕೆಟ್ಟದ್ದು. ಮಗು ನಡೆದು ಹೊರಗೆ ಬಂದ ಮೇಲೆ ಹೊಗೆ ಬಿಡಲಿ. ಕಾರಂಜಿಯ ಹಾಗೆ ಚಿಮ್ಮುವ ಕಿಡಿಗಳಿಗೆ ಕೋಲ್ಡ್ ಅಂತ ಹೆಸರಿದ್ದರೂ ಅದು ಉರಿಯುವ ಲೋಹದ ಪುಡಿಯೇ. ಪಾಲಿಯೆಸ್ಟರ್ ನೆಟ್ ಫ್ರಾಕ್ ಹಾಕಿದ ಮಗುವಿನ ಹತ್ತಿರ ಬೇಡವೇ ಬೇಡ.

ಹೊಗೆ ಬರುವ ಪಾನ್ ಕೌಂಟರಿಗೂ ಮಕ್ಕಳನ್ನು ಬಿಡಬೇಡಿ. ಅದರಲ್ಲಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಬೆಂಗಳೂರಿನ ಒಂದು ಆರತಕ್ಷತೆಯಲ್ಲಿ ಅಂಥ ಪಾನ್ ತಿಂದ 12 ವರ್ಷದ ಹುಡುಗಿಯ ಜಠರದಲ್ಲಿ ತೂತಾಗಿ ಆಪರೇಷನ್ ಮಾಡಬೇಕಾಯಿತು. 2024ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತು.

ಇನ್ನು ಶಬ್ದ. 2011ರಲ್ಲಿ ಇಂಗ್ಲೆಂಡಿನ ರಾಜಕುಮಾರ ವಿಲಿಯಂ ಮದುವೆಯಾದ ದಿನದ ಫೋಟೋ ನೆನಪಿದೆಯಾ? ಅರಮನೆಯ ಬಾಲ್ಕನಿಯಲ್ಲಿ ಮದುಮಕ್ಕಳು ಮುತ್ತಿಡುತ್ತಿದ್ದಾರೆ, ಪಕ್ಕದಲ್ಲಿ ಮೂರು ವರ್ಷದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಮುಖ ಗಂಟಿಕ್ಕಿಕೊಂಡಿದ್ದಾಳೆ. ನಮ್ಮಲ್ಲಿ ಗಟ್ಟಿಮೇಳ ಬಾರಿಸಿದಾಗ ಕಳಶಗಿತ್ತಿಯರ ಮುಖವೂ ಹಾಗೇ ಇರುತ್ತದೆ. "ಈಗ ಡೋಲು ಜೋರಾಗುತ್ತೆ" ಅಂತ ಒಂದು ನಿಮಿಷ ಮುಂಚೆ ಕಿವಿಯಲ್ಲಿ ಹೇಳಿ, ಬೆನ್ನ ಮೇಲೆ ಕೈ ಇಡಿ. ಡಿಜೆ ಸ್ಪೀಕರ್ ಎದುರಿಗೆ ಮಾತ್ರ ನಿಲ್ಲಿಸಬೇಡಿ.

ಸಿಕ್ಕಸಿಕ್ಕವರೆಲ್ಲ ಕೆನ್ನೆ ಹಿಂಡ್ತಾರೆ, ಮುತ್ತು ಕೇಳ್ತಾರೆ. ನಮ್ಮವರೇ ಅಲ್ವಾ, ಏನನ್ನೋದು?

"ಅವಳು ನಮಸ್ಕಾರ ಮಾಡ್ತಾಳೆ" ಅಂತ ನೀವೇ ಮೊದಲು ಹೇಳಿಬಿಡಿ. ಮಗುವಿಗೂ ಮನೆಯಲ್ಲೇ ಕಲಿಸಿ, ಯಾರಾದರೂ ಬಗ್ಗಿದರೆ ಕೈ ಜೋಡಿಸುವುದು. ಬಗ್ಗಿದವರು ತಾವಾಗಿ ನೆಟ್ಟಗಾಗುತ್ತಾರೆ. ಮಗು ಒಬ್ಬರ ಹತ್ತಿರ ಹೋಗಲು ಮತ್ತೆ ಮತ್ತೆ ಹಿಂಜರಿದರೆ ನೆಂಟರು ಅಂತ ತಳ್ಳಬೇಡಿ. ಯಾಕೆ ಅಂತ ಆಮೇಲೆ ಒಬ್ಬಳೇ ಇರುವಾಗ ಕೇಳಿ. ಮಕ್ಕಳ ಸಹಾಯವಾಣಿ 1098 ಇರುವುದೂ ತಿಳಿದಿರಲಿ.

"ಮುಂದಿನ ಮದುವೆ ನಿಂದೇ", "ನಮ್ಮನೆ ಸೊಸೆ ಮಾಡ್ಕೊಳ್ತೀವಿ" ಅನ್ನುವ ತಮಾಷೆ ನನಗೆ ಹಿಡಿಸುವುದಿಲ್ಲ. ನಾಲ್ಕು ವರ್ಷದ ಮಗು ಅದನ್ನು ತಮಾಷೆ ಅಂತ ತಿಳಿಯುವುದಿಲ್ಲ. ನನ್ನ ಮಗಳು ಒಂದು ವಾರ ಬ್ಯಾಗ್ ತುಂಬಿಕೊಂಡು ಕೂತಿದ್ದಳು, ಯಾರೋ ಕರೆದುಕೊಂಡು ಹೋಗುತ್ತಾರೆ ಅಂತ.

ಫೋಟೋಗ್ರಾಫರ್ ಮಗಳ ವಿಡಿಯೋನ ತನ್ನ ಪೇಜಿಗೆ ಹಾಕಿದಾನೆ. ತೆಗೀರಿ ಅಂದ್ರೆ ಅಹಂಕಾರ ಅನ್ಸುತ್ತಾ?

ಅನ್ನಿಸಲಿ ಬಿಡಿ. ಮದುವೆ ಆಲ್ಬಂನಲ್ಲಿ ಬರುವುದು ಬೇರೆ, ಊರೆಲ್ಲ ನೋಡುವ ಜಾಹೀರಾತಾಗುವುದು ಬೇರೆ. ಮದುವೆ ಮನೆಯವರ ಮೂಲಕ ಕೇಳಿಸಿ, ಅವರೇ ಅವನಿಗೆ ದುಡ್ಡು ಕೊಡುವವರು. ಬಟ್ಟೆ ಬದಲಿಸುವ ರೂಮಿಗೆ ಕ್ಯಾಮೆರಾ ಬರಬಾರದು ಎಂದು ಮೊದಲೇ ಹೇಳಿ.

ಎರಡೂ ಕಡೆಯವರು ತಮ್ಮ ತಮ್ಮ ಮಗು ನಿಲ್ಲಿಸ್ತೀವಿ ಅಂತ ಹಟ ಹಿಡಿದಿದಾರೆ.

ಇಬ್ಬರನ್ನೂ ನಿಲ್ಲಿಸಿ. ಒಂದು ಬುಟ್ಟಿ ಬೇಡ, ಎರಡು ಬುಟ್ಟಿ. ಬುಟ್ಟಿಗಳು ಒಂದೇ ಬಣ್ಣ, ಒಂದೇ ಗಾತ್ರ ಇರಬೇಕು. ಹಿಡಿಗೆ ಕಟ್ಟಿದ ರಿಬ್ಬನ್ ಕೂಡ.

ಅಪ್ಪ ಇಲ್ಲದ ಮಗು ಕಳಶ ಹಿಡೀಬಾರದಂತೆ. ನನ್ನ ಮಗಳನ್ನ ಕೊನೇಲಿ ಬೇಡ ಅಂದ್ರು.

ಈ ಪ್ರಶ್ನೆ ನನಗೆ ಬಂದಿದ್ದು ಕಾಗದದಲ್ಲಿ, ಫೋನಿನಲ್ಲಲ್ಲ. ಕೇಳಲು ಎಷ್ಟು ಕಷ್ಟವಾಗಿರಬೇಕು.

ಕೆಲವು ಮನೆಗಳಲ್ಲಿ ಹಾಗೆ ಹೇಳುವ ಹಿರಿಯರಿದ್ದಾರೆ, ನಿಜ. ಕಳಶ ಹಿಡಿಯುವ ಮಗುವಿಗೆ ತಂದೆ ತಾಯಿ ಇಬ್ಬರೂ ಇರಬೇಕು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸಾವಿಗೆ ಮಗುವನ್ನು ಹೊಣೆ ಮಾಡುವುದು ಯಾವ ಶಾಸ್ತ್ರವಾದರೂ ನನಗೆ ಬೇಡ. ನಮ್ಮ ಮನೆಯಲ್ಲೇ ಒಮ್ಮೆ ಈ ಮಾತು ಎದ್ದಿತ್ತು. ಮದುಮಗಳು ರೂಮಿನಿಂದ ಅರ್ಧ ಜಡೆಯಲ್ಲೇ ಎದ್ದು ಬಂದಳು. "ಅವಳು ಹಿಡಿಯದಿದ್ದರೆ ಕಳಶ ಇಲ್ಲದೇ ಕೂರ್ತೀನಿ" ಅಂದಳು. ಆಮೇಲೆ ಯಾರೂ ಮಾತಾಡಲಿಲ್ಲ. ಆ ಮದುವೆಗೆ ಈಗ ಹನ್ನೊಂದು ವರ್ಷ, ಚೆನ್ನಾಗಿದ್ದಾರೆ.

ನಿಮ್ಮ ವಿಷಯಕ್ಕೆ ಬಂದರೆ, ಇಂಥದ್ದನ್ನು ತಡೆಯಬೇಕಾದವರು ಮದುವೆ ಮನೆಯವರು. ಮಗುವನ್ನು ಕೇಳುವ ಮುಂಚೆಯೇ ತಮ್ಮ ಮನೆಯ ಹಿರಿಯರ ಜೊತೆ ಮಾತು ಮುಗಿಸಿರಬೇಕು. ಹೊಸ ಲಂಗ ಹೊಲಿಸಿದ ಮೇಲೆ ಬೇಡ ಅನ್ನುವುದು ಕ್ರೂರ. ಮಗಳಿಗೆ ನಿಜವಾದ ಕಾರಣ ಈಗ ಹೇಳಬೇಡಿ. "ಅವರು ಬೇರೆ ಏರ್ಪಾಡು ಮಾಡಿಕೊಂಡರು" ಅಷ್ಟು ಸಾಕು. ಮದುವೆಗೆ ಹೋಗಲೇಬೇಕೆಂದೂ ಇಲ್ಲ. ಲಂಗ ಹಾಕಿಸಿ ದೇವರಾಯನದುರ್ಗಕ್ಕೋ ನಂದಿಗೋ ಕರೆದುಕೊಂಡು ಹೋಗಿ ಒಳ್ಳೆಯ ಫೋಟೋ ತೆಗೆಯಿರಿ.

ಮಗುಗೆ ಏನು ಉಡುಗೊರೆ ಕೊಡೋದು? ದುಡ್ಡು ಕೊಟ್ರೆ ನಡೆಯುತ್ತಾ?

ದುಡ್ಡು ಅಮ್ಮನ ಪರ್ಸಿಗೆ ಹೋಗುತ್ತದೆ, ಮಗುವಿಗೆ ಏನೂ ಸಿಕ್ಕ ಹಾಗಾಗುವುದಿಲ್ಲ. ಶಾಸ್ತ್ರಕ್ಕೆ ತಾಂಬೂಲದ ಜೊತೆ ಕೊಡುವುದನ್ನು ಕೊಡಿ. ಅದರ ಜೊತೆ ಬಣ್ಣದ ಪೆನ್ಸಿಲ್ಲೋ ಒಂದು ಚೆಂಡೋ ಮದುಮಗಳ ಕೈಯಿಂದಲೇ ಕೊಡಿಸಿ. ಕೆಲಸ ಕೆಟ್ಟರೂ ಕೊಡಬೇಕು. ಅತ್ತ ಮಗುವಿಗೂ.

ಮದುವೆ ಮುಗಿದು ಮೂರು ದಿನ ಆಯ್ತು. ಲಂಗ ಬಿಚ್ಚಲ್ಲ ಅಂತಾಳೆ. ಏನ್ಮಾಡ್ಲಿ?

ರಾತ್ರಿ ನಿದ್ದೆ ಬಂದ ಮೇಲೆ ಬಿಚ್ಚಿ ಒಗೆಯಲು ಹಾಕಿ. ರೇಷ್ಮೆಯಾದರೆ ನೆರಳಲ್ಲಿ ಒಣಗಿಸಿ. ಬೆಳಗ್ಗೆ ಎದ್ದು ಕೇಳಿದರೆ ಮತ್ತೆ ಹಾಕಿ. ನನ್ನ ಮಗಳು ಒಂದು ವಾರ ಲಂಗದಲ್ಲೇ ಇದ್ದಳು. ಕೈಯಲ್ಲಿ ನೀರು ತುಂಬಿದ ಚೊಂಬು ಬೇರೆ, ಅಡುಗೆಮನೆಯಿಂದ ಹಾಲಿಗೆ, ಹಾಲಿಂದ ಅಡುಗೆಮನೆಗೆ. ಹಿಂದೆ ನಾನು ಒರೆಸುವ ಬಟ್ಟೆ ಹಿಡಿದುಕೊಂಡು.